ಮೂಗು ಕಟ್ಟಿದ ಕಾರು

ಎತ್ತಿಗೆ ಗೊಟ್ಟ ಹಾಕುವವರನ್ನು ನೀವು ನೋಡಿರುತ್ತೀರಿ. ಎಮ್ಮೆಗೆ ಹಾಕುವವರನ್ನೂ ನೋಡಿರುತ್ತೀರಿ. ಬಿದಿರಿನ ಕೊಳವೆಗೆ ಔಷಧಿ ತುಂಬಿ, ದನದ ಮೂತಿಯನ್ನು ಮೇಲಕ್ಕೆತ್ತಿ ಹಿಡಿದು ಗಂಟಲಿಗೆ ಸುರಿಯುವುದು, ಅಷ್ಟೇ ತಾನೆ? ಆದರೆ ಕಾರಿಗೆ ಗೊಟ್ಟ ಹಾಕಿದವನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಹಿಂದೂಪುರದಲ್ಲಿ, ನಮ್ಮ ಅಂಗಳದಲ್ಲಿ, ಹಾಡುಹಗಲಲ್ಲಿ ನೋಡಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ನಾನೂ ನಿಮ್ಮ ಹಾಗೆ ನಕ್ಕು ಸುಮ್ಮನಾಗುತ್ತಿದ್ದೆ. ಏನು ಮಾಡಲಿ, ಅವನು ನನ್ನ ಒಡಹುಟ್ಟಿದ ತಮ್ಮ!

ಅವನು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ವಯಸ್ಸಾಯಿತೆಂದು ಸರ್ಕಾರ ಅವನನ್ನು ರಿಟೈರ್ ಮಾಡಿತು. ಅವನು ಮಾತ್ರ ರಿಟೈರ್ ಆಗಲಿಲ್ಲ. ದಾರಿಯಲ್ಲಿ ಯಾವ ದನ ಕಂಡರೂ ನಿಲ್ಲುತ್ತಾನೆ. ಬಲಗೈ ಮಗುಚಿ, ಹಿಂಬದಿಯನ್ನು ಅದರ ಮೂಗಿನ ಮುಂದೆ ಹಿಡಿಯುತ್ತಾನೆ. ಉಸಿರು ಬಿಸಿಯೋ ತಣ್ಣಗೋ, ಒಂದೇ ಸಮ ಬರುತ್ತಿದೆಯೋ ತಡೆತಡೆದು ಬರುತ್ತಿದೆಯೋ, ಅಷ್ಟು ತಿಳಿದ ಮೇಲೆಯೇ ಮುಂದಿನ ಹೆಜ್ಜೆ. "ಅಂಗೈಗೆ ಗೊತ್ತಾಗಲ್ಲ ಕಣಕ್ಕಯ್ಯ, ಅಂಗೈ ಕೆಲ್ಸ ಮಾಡಿ ಮಾಡಿ ದಪ್ಪ ಆಗಿರ್ತದೆ. ಹಿಂಬದಿ ಸುಳ್ಳು ಹೇಳಲ್ಲ" ಎನ್ನುತ್ತಾನೆ.

ಮನುಷ್ಯರೂ ಅವನಿಗೆ ದನಗಳೇ. ಕೆಟ್ಟ ಅರ್ಥದಲ್ಲಿ ಹೇಳುತ್ತಿಲ್ಲ. ದನಗಳ ಮೇಲೆ ಅವನಿಗೆ ಬಹಳ ಗೌರವ. ಅವನಿಗೆ ಹೆಣ್ಣು ನೋಡಲು ಹೋದಾಗ ನಾವೆಲ್ಲ ಜಡೆ ಎಷ್ಟುದ್ದ, ಅಡಿಗೆ ಬರುತ್ತದೆಯೇ ಎಂದು ಕೇಳುತ್ತಿದ್ದರೆ ಇವನು ಹುಡುಗಿಯ ಅಪ್ಪನಿಗೆ, "ಒಂದ್ ನಾಕೆಜ್ಜೆ ನಡ್ಸಿ" ಎಂದುಬಿಟ್ಟ! ಅವಳು ನಡೆದಳು. "ಕಾಲು ಚೆನ್ನಾಗವೆ" ಎಂದ. ಪಾಪ, ಅದು ಹೊಗಳಿಕೆ ಎಂದು ತಿಳಿದು ಅವಳು ಒಪ್ಪಿಕೊಂಡಳು. ಅವತ್ತು ನಡೆಯಲು ಶುರು ಮಾಡಿದವಳು ಇವತ್ತಿನವರೆಗೂ ಅವನ ಹಿಂದೆ ನಡೆಯುತ್ತಲೇ ಇದ್ದಾಳೆ.

ನಾನೂ ಅದೇ ಅಂಗಳದವಳು. ನನ್ನ ಯಜಮಾನರು ಹೋದ ಮೇಲೆ ತಮ್ಮನ ಮನೆಯ ಪಕ್ಕದ ಕೋಣೆಗೆ ಬಂದು ಸೇರಿಕೊಂಡೆ. ನಮಗೊಬ್ಬಳು ಅಕ್ಕ. ಅವಳು ಕಲ್ಯಾಣದುರ್ಗದಲ್ಲಿ, ಮಗ ಸೊಸೆಯ ಜೊತೆ. ತಮ್ಮ ಎರಡು ತಿಂಗಳಿಗೊಮ್ಮೆ ಅವಳನ್ನು ನೋಡಿಬರಲು ಬಸ್ಸಿನಲ್ಲಿ ಹೋಗುತ್ತಿದ್ದ. ಒಂದು ಸಲ ಬಸ್ಸಿನಲ್ಲಿ ಹೋದವನು ಕಾರಿನಲ್ಲಿ ಬಂದ!

ಬೀದಿಯ ನಾಯಿಗಳೆಲ್ಲ ಹಿಂದೆ ಬಂದಿದ್ದವು. ಬನ್ನಿನ ಹಾಗೆ ಉಬ್ಬಿದ ಮೈ, ದುಂಡು ಕಣ್ಣು, ಬಣ್ಣ ಯಾವುದೆಂದು ಹೇಳಲಾರೆ, ಏಕೆಂದರೆ ಮೂರು ನಾಲ್ಕು ಇದ್ದವು, ಒಂದರ ಮೇಲೊಂದು. ಹಿಂದುಗಡೆ ಹೆಸರಿನ ಇಂಗ್ಲಿಷ್ ಅಕ್ಷರಗಳು ಉದುರಿಹೋಗಿ ಮೂರೇ ಉಳಿದಿದ್ದವು. ಎಲ್ಲ ಇದ್ದಿದ್ದರೂ ನನಗೆ ಓದಲು ಬರುತ್ತಿರಲಿಲ್ಲ, ಆದ್ದರಿಂದ ನನಗೇನೂ ನಷ್ಟವಿಲ್ಲ.

"ಏನ್ಲಾ ಇದು?"

"ಎಣ್ಣೆ ಮಿಲ್ಲಿನ ಸಾವ್ಕಾರ್ರುದು ಕಣಕ್ಕಯ್ಯ. ಬೇವಿನ ಮರದ ಕೆಳಗೆ ನಿಂತಿತ್ತು. ಗುಜರಿಯೋನು ಹಗ್ಗ ಹಿಡ್ಕಂಡು ಬಂದಿದ್ದ, ಕಟುಕ ಬಂದಂಗೆ. ಉಸ್ರಿರೋದನ್ನ ಅವನ ಕೈಗೆ ಕೊಡಕ್ಕಾಯ್ತದಾ?"

"ಕಾರಿಗೆಂಥಾ ಉಸ್ರೋ?"

"ಸ್ಟಾರ್ಟ್ ಮಾಡ್ದೆ. ಕೆಮ್ತು!"

ನಿಜ ಹೇಳುತ್ತೇನೆ, ಅವನಿಗೆ ಆ ಕಾರು ಹಿಡಿಸಿದ್ದು ಕೆಮ್ಮಿದ್ದಕ್ಕಲ್ಲ. ಎಷ್ಟೋ ವರ್ಷ ಕಡ್ಲೆಕಾಯಿ ಹಿಂಡಿಯ ಮೂಟೆ ಹೊತ್ತಿದ್ದ ಕಾರು ಅದು. ಬಾಗಿಲು ತೆಗೆದರೆ ಥೇಟ್ ಕೊಟ್ಟಿಗೆಯ ವಾಸನೆ. ಇವನು ಒಳಗೆ ಕೂತು ಕಣ್ಣು ಮುಚ್ಚಿ ಮೂಸುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಬಂದ ದಿನವೇ ಕಾರಿಗೆ ಸಂಕ್ರಾಂತಿಯ ದನದ ಹಾಗೆ ಪೂಜೆಯಾಯಿತು. ಮೈ ತೊಳೆದ. ಅರಿಶಿನದ ನೀರು ಚಿಮುಕಿಸಿದ. ಬಟ್ಟಲುಗಟ್ಟಲೆ ಕುಂಕುಮ ಎರಚಿದ. ಕೊನೆಗೆ ಒಂದು ತಂಬಿಗೆ ಗಟ್ಟಿ ಬೆಲ್ಲದ ಪಾನಕವನ್ನು ತಂದು, ಮುಂದಿನ ಗಾಜಿನ ಬುಡದಲ್ಲಿ ಧಾರೆಯಾಗಿ ಹುಯ್ದ. "ಹೊಸಾ ಮನೆಗೆ ಬಂದೈತೆ, ಬಾಯಿ ಸಿಹಿ ಮಾಡ್ಬೇಕು!" ಈ ಪಾನಕವನ್ನು ನೆನಪಿಟ್ಟುಕೊಳ್ಳಿ. ನಾವು ಮರೆತುಬಿಟ್ಟೆವು, ಅದಕ್ಕೇ ಇಷ್ಟೆಲ್ಲ ಆಯಿತು.

ಈಗ ನನ್ನ ವಿಷಯ. ನಾನು ಹುಣಸೆಹಣ್ಣಿನ ಮಂಡಿಯಲ್ಲಿ ನಲವತ್ತು ವರ್ಷ ಹಣ್ಣು ಕುಟ್ಟಿ ಬೀಜ ತೆಗೆದವಳು. ಸಿಪ್ಪೆಯ ಧೂಳು ಎದೆಯೊಳಗೆ ಹೋಗಿ ಕೂತಿದೆ. ಧೂಳು ಕಂಡರೆ ದಮ್ಮು, ಹೊಗೆ ಕಂಡರೆ ದಮ್ಮು, ಜನ ಒತ್ತಿಕೊಂಡು ನಿಂತರೂ ದಮ್ಮು. ಆರು ವರ್ಷದ ಹಿಂದೆ ಅಕ್ಕನ ಊರಿಗೆಂದು ಬಸ್ಸು ಹತ್ತಿದ್ದೆ. ರೊದ್ದಂ ಬರುವ ಹೊತ್ತಿಗೆ ನನ್ನ ಎದೆಯಲ್ಲಿ ನಾಲ್ಕು ಬೆಕ್ಕು ಒಟ್ಟಿಗೆ ಕೂಗುತ್ತಿದ್ದವು. ಕಂಡಕ್ಟರ್ ಹೆದರಿ, "ಮುಸಲಮ್ಮಾ, ನಾ ಬಸ್ಸುಲೋ ಮಾತ್ರಂ ವದ್ದಮ್ಮಾ!" ಎಂದು ಕೈ ಮುಗಿದ. ಸಾಯುವುದಾದರೆ ಸಾಯಿ, ನನ್ನ ಬಸ್ಸಿನಲ್ಲಿ ಮಾತ್ರ ಬೇಡ ಎಂದು ಅದರ ಅರ್ಥ. ಅವನ ಮಾತೂ ನ್ಯಾಯವೇ. ಇಳಿದು ವಾಪಸ್ಸು ಬಂದೆ. ಆಮೇಲೆ ಹೋಗಲೇ ಇಲ್ಲ.

ಅಕ್ಕನಿಗೆ ಕಾಲು ಬರುವುದಿಲ್ಲ, ನನಗೆ ಉಸಿರು ಬರುವುದಿಲ್ಲ. ಫೋನಿನಲ್ಲೇ ಜಗಳ, ಫೋನಿನಲ್ಲೇ ರಾಜಿ. ಹೀಗೇ ಸಾಗುತ್ತಿತ್ತು. ಅಷ್ಟರಲ್ಲಿ ಅಕ್ಕನ ಕಣ್ಣು ಹೋಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರಂತೆ ಡಾಕ್ಟರು. ಅವಳು ಅದನ್ನು ಮನೆ ಸಾಮಾನು ಒಂದೊಂದೇ ಕಳುವಾದ ಹಾಗೆ ಹೇಳುತ್ತಿದ್ದಳು.

"ಹ್ವಾದ್ ತಿಂಗ್ಳು ಕ್ಯಾಲೆಂಡ್ರು ಹೋಯ್ತು ಕಣೇ. ಈ ತಿಂಗ್ಳು ಸೊಸೆ ಮೊಕ ಹೋಯ್ತು."

"ಅಯ್ಯೋ ಅಕ್ಕ!"

"ಅದ್ಕೇನೂ ಬ್ಯಾಸ್ರಿಲ್ಲ ಬಿಡು. ನಿನ್ನ ಮೊಕ ಒಂದ್ಸಲ ನೋಡ್ಬುಡ್ಬೇಕು. ಆಮ್ಯಾಕೆ ಕತ್ಲಾದ್ರೆ ಆಗ್ಲಿ. ಬತ್ತೀಯಾ, ಇಲ್ಲಾ ಅಲ್ಲೇ ಹುಣಸೆಬೀಜ ಎಣಿಸ್ಕಂಡು ಕುಂತಿರ್ತೀಯಾ?"

ಪಕ್ಕದಲ್ಲಿ ನಿಂತಿದ್ದ ತಮ್ಮ ಫೋನು ಕಿತ್ತುಕೊಂಡು, "ಕರ್ಕಂಡ್ ಬತ್ತೀನಿ ಕಣಕ್ಕಯ್ಯ! ನಮ್ಮ ಗಾಡೀಲೇ ಕರ್ಕಂಡ್ ಬತ್ತೀನಿ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ.

ಮಾರನೆಯ ದಿನವೇ ಹೊರಟೆವು. ಗಾಜು ಏರಿಸಿಕೊಂಡರೆ ಒಳಗೆ ಪೆಟ್ರೋಲ್ ವಾಸನೆ, ಜೊತೆಗೆ ಹಿಂಡಿಯ ವಾಸನೆ, ಮೇಲೆ ಕೆಂಡದಂಥ ಬಿಸಿಲು. ಗಾಜು ಇಳಿಸಿದರೆ ಲಾರಿಗಳು ಎಬ್ಬಿಸಿದ ಧೂಳೆಲ್ಲ ನನ್ನ ಮಡಿಲಿಗೇ. ಏರಿಸು, ಇಳಿಸು, ಏರಿಸು, ಇಳಿಸು. ಪರಿಗಿ ಮುಟ್ಟುವ ಮೊದಲೇ ಬೆಕ್ಕುಗಳು ಶುರುವಾದವು. ತಮ್ಮ ತುಟಿ ಕಚ್ಚಿಕೊಂಡು ಗಾಡಿ ತಿರುಗಿಸಿದ.

ಮರುದಿನ ಬೆಳಿಗ್ಗೆ ಅವನ ಕಾಲುಗಳೆರಡೂ ಕಾರಿನ ಬಾಗಿಲಿಂದ ಹೊರಗಿದ್ದವು, ತಲೆ ಸ್ಟೇರಿಂಗಿನ ಕೆಳಗಿತ್ತು. ಒಳಗಿನಿಂದಲೇ ಕೂಗಿದ:

"ಅಕ್ಕಯ್ಯಾ! ಗಾಡಿಗೆ ಮೂಗೈತೆ!"

ಹೋಗಿ ನೋಡಿದೆ. ಮುಂದಿನ ಗಾಜಿಗೂ ಬಾನೆಟ್ಟಿಗೂ ನಡುವೆ, ಒಬ್ಬಟ್ಟಿನಗಲ ಒಂದು ಮುಚ್ಚಳ. ಬಣ್ಣದ ಮೇಲೆ ಬಣ್ಣ ಬಳಿದು, ಗಾಜಿನ ಕಡೆ ಒಂದು ಬಿರುಕು ಬಿಟ್ಟರೆ ಅದರ ಗೆರೆಯೇ ಕಾಣುತ್ತಿರಲಿಲ್ಲ. ಒಳಗೆ, ಕಾಲಿಡುವ ಕಡೆ, ಅದನ್ನು ಎತ್ತುವ ಒಂದು ಕಬ್ಬಿಣದ ಹಿಡಿ. ಹಿಡಿ ಮುಂದಕ್ಕೆ ತಳ್ಳಿದರೆ ಹೊರಗೆ ಮುಚ್ಚಳ ಬಾಯಿ ತೆಗೆದು ಹೊರಗಿನ ಗಾಳಿ ಒಳಗೆ ಬರಬೇಕು. ಹಳೇ ಕಾಲದವರು ಹಾಗೆ ಮಾಡಿದ್ದರಂತೆ. ಇವನು ಕೈ ಮಗುಚಿ ಒಳಗಿನ ಕಿಂಡಿಯ ಮುಂದೆ ಹಿಡಿದ. ಮುಖ ಸಣ್ಣಗಾಯಿತು.

"ಮೂಗು ಕಟ್ಟೈತೆ ಕಣಕ್ಕಯ್ಯ. ಪೂರ್ತಿ ಕಟ್ಟೈತೆ. ಅದಕ್ಕೇ ಉಸ್ರಿಲ್ಲ, ನಿಂಗೆಲ್ಲಿಂದ ಬತ್ತದೆ?"

"ಕಿಟಕಿ ಗಾಳಿ ಬ್ಯಾಡ, ಈ ಗಾಳಿ ಬೇಕೇನ್ಲಾ? ಎರಡೂ ಒಂದೇ ರಸ್ತೇದು!"

"ಎಂಗ್ ಒಂದೇ ಆಯ್ತದೆ? ಧೂಳು ಏಳೋದು ಚಕ್ರದ ಪಕ್ಕದಾಗೆ. ಇದಿರೋದು ಎತ್ತರದಾಗೆ, ಮುಂದ್ಗಡೆ. ಇದ್ರ ಮೂತಿಗೆ ಒದ್ದೆ ಬಟ್ಟೆ ಕಟ್ಟುದ್ರೆ ಧೂಳೂ ಇಲ್ಲ, ಶಾಖಾನೂ ಇಲ್ಲ. ಹದಿನೈದೇ ದಿನ. ಬಿಡಿಸ್ತೀನಿ ನೋಡು."

ಹುಚ್ಚನ ಮಾತಿನಲ್ಲಿ ನ್ಯಾಯವಿದ್ದರೆ ಏನು ಮಾಡಬೇಕು ಹೇಳಿ? ಒಪ್ಪಿಕೊಂಡೆ.

ಮೊದಲು ನನ್ನನ್ನೂ ಕೂರಿಸಿಕೊಂಡು ಮೆಕ್ಯಾನಿಕ್ಕಿನ ಹತ್ತಿರ ಹೋದ. ಅವನು ಮುಚ್ಚಳದ ಮೇಲೆ ಎರಡು ಸಲ ಕುಟ್ಟಿ, "ಪೆದ್ದಾಯನಾ, ಪೈ ರೇಕು ಕೋಸೇಸ್ತಾ. ಅರಗಂಟಲೋ ಗಾಲೊಸ್ತುಂದಿ" ಎಂದ. ಮೇಲಿನ ತಗಡು ಕೊಯ್ದುಬಿಟ್ಟರೆ ಅರ್ಧ ಗಂಟೆಯಲ್ಲಿ ಗಾಳಿ ಬರುತ್ತದೆಯಂತೆ. ನನ್ನ ತಮ್ಮ ಕಾರಿಗೂ ಅವನಿಗೂ ನಡುವೆ ಹೋಗಿ ನಿಂತುಬಿಟ್ಟ.

"ನೆಗಡಿ ಆದ್ರೆ ಮೂಗು ಕುಯ್ತೀಯೇನಪ್ಪಾ? ನಿಮ್ಮನೇಲಿ ಯಾರ್ಗೂ ನೆಗಡಿ ಆಗಿಲ್ವಾ?"

ಮೆಕ್ಯಾನಿಕ್ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

ಅವತ್ತಿನಿಂದ ಮನೆಯಲ್ಲೇ ಚಿಕಿತ್ಸೆ. ಮೊದಲನೆಯದು ಹಬೆ. ಹಂಡೆಯಲ್ಲಿ ನೀಲಗಿರಿ ಸೊಪ್ಪು ಕುದಿಸಿ, ಬಾನೆಟ್ಟಿನ ಮೇಲಿಟ್ಟು, ಹಂಡೆಗೂ ಕಾರಿಗೂ ಸೇರಿಸಿ ಕಂಬಳಿ ಹೊದಿಸಿದ. ಮೂರು ದಿನ, ದಿನಕ್ಕೆ ಎರಡು ಸಲ. ಕಾರಿನ ಮೂಗು ಬಿಡಲಿಲ್ಲ. ಆದರೆ ಪಕ್ಕದ ಮನೆಯ ಮುದುಕನ ನೆಗಡಿ ಬಿಟ್ಟುಹೋಯಿತು! ಅವನು ನಾಲ್ಕನೆಯ ದಿನವೂ ಬಂದು, "ಇವತ್ತು ಹಬೆ ಇಲ್ವಾ?" ಎಂದು ಕೇಳಿದ.

ಎರಡನೆಯದೇ ಗೊಟ್ಟ. ಹೊಂಗೆ ಎಣ್ಣೆ ಬಿಸಿ ಮಾಡಿ, ಅದರಲ್ಲಿ ಕರ್ಪೂರ ಕರಗಿಸಿ, ಬಿದಿರಿನ ಗೊಟ್ಟಕ್ಕೆ ತುಂಬಿದ. ಮುಚ್ಚಳದ ಅಂಚಿನಲ್ಲಿ ಬ್ಲೇಡಿನಿಂದ ಬಣ್ಣ ಕೆತ್ತಿ ಒಂದಿಷ್ಟು ಸಂದು ಮಾಡಿಕೊಂಡಿದ್ದ. ಎಡಗೈಯಲ್ಲಿ ಬಾನೆಟ್ಟನ್ನು ತಟ್ಟುತ್ತಾ, "ಹೋ... ಹೋ... ಆಯ್ತು, ಆಯ್ತು" ಎಂದು ಸಮಾಧಾನ ಮಾಡುತ್ತಾ ಸುರಿದ. ಕಾರು ಒದೆಯಲಿಲ್ಲ, ಅದೊಂದು ಪುಣ್ಯ. ಆದರೆ ಒಳಗಿನಿಂದ ಒಂದು ಕೂಗು ಬಂತು ನೋಡಿ! ಅವನ ಹೆಂಡತಿ ಕಾರಿನ ಮುಂದಿನ ಸೀಟಿನಲ್ಲಿ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅಂಗಳದಲ್ಲಿ ಅದೊಂದೇ ನೆರಳು. ಬಿಸಿ ಎಣ್ಣೆ ಮೂರು ಹನಿ ಅವಳ ಕಾಲ ಮೇಲೆ, ಮಿಕ್ಕಿದ್ದು ಅಕ್ಕಿಯ ಮೇಲೆ.

"ಅತ್ಗೆಮ್ಮಾ! ನೋಡಿ ನಿಮ್ಮ ತಮ್ಮನ್ನ! ನನ್ ಕಾಲು ಸುಟ್ಬುಟ್ರು!"

ಅವನು ಓಡಿ ಬಂದ. ಹೆಂಡತಿಯ ಕಾಲು ನೋಡಿದನೇ? ಇಲ್ಲ. ಅಕ್ಕಿಯ ಮೇಲೆ ಬಿದ್ದ ಎಣ್ಣೆ ನೋಡಿ ಕುಣಿದುಬಿಟ್ಟ. "ಇಳೀತು! ಎಣ್ಣೆ ಇಳೀತು! ದಾರಿ ಐತೆ ಕಣಕ್ಕಯ್ಯ, ದಾರಿ ಐತೆ!"

"ಚೆನ್ನಾಗವೆ ಅಂತ ಒಪ್ಕಂಡ್ ಕಾಲೇ ತಾನೆ ಇವು?" ಎಂದು ಅವಳು ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಆ ದಿನದಿಂದ ಅವಳು ಆ ಕಾರಿಗೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿದಳು. ಎಣ್ಣೆ ಬಿದ್ದ ಅಕ್ಕಿಯನ್ನು ಕೋಳಿಗೆ ಹಾಕಿದೆವು. ಕೋಳಿಯೂ ತಿನ್ನಲಿಲ್ಲ.

ಈ ನಡುವೆ ಅಕ್ಕನ ಫೋನು ನಿಂತಿರಲಿಲ್ಲ. "ಬಾಗ್ಲು ಹೋಯ್ತು ಕಣೇ" ಎಂದಳು ಒಂದು ದಿನ. ಇನ್ನೊಂದು ದಿನ, "ಈಗ ಎಲ್ಲಾ ಹೊಗೆ ಹಂಗೇ. ಕೆಂಪು ಒಂದ್ ಕಾಣ್ತೈತೆ, ಅರಿಶಿನ ಒಂದ್ ಕಾಣ್ತೈತೆ. ಕುಂಕುಮದ ಬಟ್ಲು ಕಾಣ್ತೈತೆ, ಅದನ್ನ ಹಿಡ್ಕಂಡಿರೋ ಕೈ ಕಾಣಲ್ಲ. ನೀನು ಯಾವಾಗ ಬತ್ತೀಯೇ?" ಎಂದಳು.

"ಗಾಡಿಗೆ ನೆಗಡಿ ಕಣಕ್ಕ. ಬಿಟ್ಟ ತಕ್ಷಣ ಬತ್ತೀನಿ."

"ನಿಮ್ಮಿಬ್ರುಗೂ ಹುಚ್ಚು ಹಿಡಿದೈತೆ" ಎಂದು ಫೋನಿಟ್ಟಳು.

ತಮ್ಮ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಹದಿನೈದು ದಿನ ಮುಗಿದು ಇನ್ನೂ ಹತ್ತಾಗಿತ್ತು. ಎದ್ದು ಬಂದು, "ಅಕ್ಕಯ್ಯ, ಉಳುಕಿಗೆ ಕಟ್ಟೋ ಪಟ್ಟು ಮಾಡು" ಎಂದ. ನಮ್ಮ ಕಡೆ ಕಾಲು ಉಳುಕಿದರೆ ಹುಣಸೆಹಣ್ಣು ಉಪ್ಪು ಕಲಸಿ ಬಿಸಿ ಮಾಡಿ ಕಟ್ಟುತ್ತೇವೆ. ಕಾರಿನ ಮುಚ್ಚಳದ ಕೀಲು ಉಳುಕಿದೆಯಂತೆ! ಆದರೂ ಮಾಡಿಕೊಟ್ಟೆ. ಹುಣಸೆ ತುಕ್ಕನ್ನು ತಿನ್ನುತ್ತದೆ, ನಲವತ್ತು ವರ್ಷ ಅದೇ ಹುಣಸೆ ನನ್ನ ಸುತ್ತಿಗೆಯನ್ನು ತಿಂದಿದೆ, ನನಗೆ ಗೊತ್ತು. ಅವನು ಮುಚ್ಚಳದ ಮೇಲೆ ಪಟ್ಟು ಮೆತ್ತಿ, ಹಳೇ ಪಂಚೆ ಹರಿದು ಕಾರಿನ ಹಣೆಗೆ ಬಿಗಿದು ಕಟ್ಟಿದ. ತಲೆನೋವು ಬಂದ ಮುದುಕನ ಹಾಗೆ ಕಾರು ಅಂಗಳದಲ್ಲಿ ಕೂತಿತ್ತು. ಬೀದಿಯಲ್ಲಿ ಹೋಗುವವರೆಲ್ಲ ನಿಂತು, "ಈಗ ಎಂಗೈತೆ?" ಎಂದು ವಿಚಾರಿಸಿಕೊಂಡು ಹೋದರು.

ಬೆಳಿಗ್ಗೆ ಬಿಚ್ಚಿ ನೋಡಿದರೆ ಇರುವೆ! ಸಾಲು ಸಾಲು ಇರುವೆ, ಚಕ್ರ ಹತ್ತಿ, ಬಾನೆಟ್ಟು ಹತ್ತಿ, ಮುಚ್ಚಳದವರೆಗೆ.

"ನಿನ್ನ ಹುಣಸೆಹಣ್ಣಿಗೆ ಬಂದವೆ" ಎಂದು ತಮ್ಮ ನನ್ನನ್ನೇ ದೂರಿದ.

ನನಗೆ ಕೋಪ ಬಂತು. ನನಗೆ ಕಾರು ಗೊತ್ತಿಲ್ಲ, ದನ ಗೊತ್ತಿಲ್ಲ, ಹುಣಸೆ ಗೊತ್ತು! ಮಂಡಿಯಲ್ಲಿ ಆಳೆತ್ತರ ಹುಣಸೆ ರಾಶಿ ಇರುತ್ತದೆ. ಅಲ್ಲಿ ಇರುವೆ ಹೀಗೆ ಮುತ್ತುವುದಿಲ್ಲ, ಅದರಲ್ಲೂ ಉಪ್ಪು ಹಾಕಿ ಕಲಸಿದ್ದಕ್ಕೆ. ಕನ್ನಡಕ ತಂದು ಹಾಕಿಕೊಂಡು ಬಗ್ಗಿ ನೋಡಿದೆ. ಇರುವೆಗಳು ನನ್ನ ಪಟ್ಟನ್ನು ಮೂಸಿಯೂ ನೋಡದೆ, ಅದನ್ನು ಬಳಸಿಕೊಂಡು ಬ್ಲೇಡಿನಲ್ಲಿ ಕೆತ್ತಿದ್ದ ಸಂದಿನೊಳಕ್ಕೆ ಇಳಿಯುತ್ತಿದ್ದವು. ಬೀಜ ಬಿಡಿಸುವ ಕೊಕ್ಕೆಯನ್ನು ಸಂದಿಗೆ ಹಾಕಿ ಒಂದಿಷ್ಟು ಕೆರೆದು ತೆಗೆದೆ. ತುಕ್ಕಿನ ಹಾಗೆ ಕೆಂಪಗಿತ್ತು. ಬೆರಳಿಗೆ ಅಂಟಿತು. ನಾಲಿಗೆಗೆ ಹಚ್ಚಿ ನೋಡಿದೆ.

"ಲೇ, ಇದು ತುಕ್ಕಲ್ಲ ಕಣ್ಲಾ. ಬೆಲ್ಲ! ಬೆಲ್ಲ, ಕುಂಕುಮ!"

"ಬೆಲ್ಲಾನಾ? ಮೂಗಿಗೆ ಬೆಲ್ಲದ ನೀರು ಹುಯ್ದಿದ್ಯಾವನು? ಅವನ ಕೈ ಸೇದೋಗ! ಯಾವನೋ ದನ ಕಾಯಕ್ಕೂ ಲಾಯಕ್ಕಿಲ್ದೋನು..."

"ನೀನೇ ಕಣ್ಲಾ."

ಅಡಿಗೆಮನೆಯಿಂದ ಅವನ ಹೆಂಡತಿ ನಕ್ಕಿದ್ದು ಬೀದಿಗೆ ಕೇಳಿಸಿತು. ಸುಟ್ಟ ಕಾಲಿನ ಲೆಕ್ಕ ಅವತ್ತು ಚುಕ್ತಾ!

ಬೆಲ್ಲಕ್ಕೆ ಬಿಸಿನೀರಿಗಿಂತ ಔಷಧಿ ಬೇಕೇ? ನಾಲ್ಕು ಕೊಡ ಹುಯ್ದೆವು. ಕೆಂಪು ನೀರು ಅಂಗಳದಲ್ಲಿ ಓಕುಳಿಯ ಹಾಗೆ ಹರಿಯಿತು. ತಮ್ಮ ಒಳಗೆ ಕೂತು ಹಿಡಿ ತಳ್ಳಿದ. ಹುಣಸೆಯೋ, ಹೊಂಗೆ ಎಣ್ಣೆಯೋ, ಅವುಗಳೂ ತಮ್ಮ ಕೆಲಸ ಮಾಡಿದ್ದವು ಅನ್ನಿ, ಕೀಲು ಸಡಿಲವಾಗಿತ್ತು. ಕಿರ್ರ್ ಎಂದು ಮುಚ್ಚಳ ಬಾಯಿ ತೆರೆಯಿತು.

ಒಳಗೇನಿತ್ತು ಎನ್ನುತ್ತೀರಿ? ಮಿಲ್ಲಿನವರ ಎಷ್ಟೋ ವರ್ಷದ ಆಯುಧಪೂಜೆ! ಪ್ರತಿ ವರ್ಷ ಗಾಜಿನ ಬುಡಕ್ಕೆ ಎರಚಿದ ಕುಂಕುಮ, ಅಕ್ಷತೆ, ಚೆಂಡು ಹೂವಿನ ಎಸಳು ಎಲ್ಲ ಒಳಗಿಳಿದು, ಪದರದ ಮೇಲೆ ಪದರವಾಗಿ ಕೂತಿತ್ತು. ನನ್ನ ತಮ್ಮನ ಪಾನಕ ಅದಕ್ಕೆ ಸಿಮೆಂಟಿನಂತೆ ಕೂತಿತ್ತು. ಮೇಲಿನದನ್ನು ಅವನು ಎರಡು ಕೈಯಲ್ಲಿ ತೆಗೆದು ತಟ್ಟೆಗೆ ಹಾಕಿದ. ತಳದಲ್ಲಿ ಗಟ್ಟಿಯಾಗಿ ಕೂತದ್ದನ್ನು ನಾನು ಕೆರೆಯಲು ಹೋದರೆ ಕೈ ಹಿಡಿದ.

"ಪೂಜೆ ಮಾಡಿರೋದು ಕಣಕ್ಕಯ್ಯ. ಕಬ್ಬಿಣ ಆಡಿಸ್ಬಾರ್ದು. ಹರಿಯೋ ನೀರಾಗೇ ಬಿಡ್ಬೇಕು. ದಾರೀಲಿ ಹಳ್ಳ ಸಿಗ್ತದಲ್ಲ, ಅಲ್ಲಿ ತೊಳೀತೀನಿ."

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ದಾರಿಯಲ್ಲಿ, ಬೇಸಿಗೆಯಲ್ಲಿ, ಹರಿಯುವ ನೀರು! ಕಾರಿಗೆ ಮೂಗಿದೆ ಎನ್ನುವವನಿಗೆ ಅದೊಂದು ದೊಡ್ಡದೇ? ಸೈಕಲ್ ಟ್ಯೂಬು ಕತ್ತರಿಸಿ ಮುಚ್ಚಳದ ಸುತ್ತ ಹೊಸ ರಬ್ಬರು ಹಾಕಿದ. ಒಳಗಿನ ಕಿಂಡಿಗೆ ಸೀಮೆಎಣ್ಣೆಯ ತಗಡಿನ ಲಾಳಿಕೆ ಸಿಕ್ಕಿಸಿ, ಅದರ ಮೂತಿಯನ್ನು ನೇರವಾಗಿ ನನ್ನ ಮುಖಕ್ಕೆ ತಿರುಗಿಸಿದ. ಬಂದ ಗಾಳಿ ಒಂದು ಚೂರೂ ಬೇರೆ ಕಡೆ ಹೋಗಬಾರದಂತೆ!

ಬೆಳಿಗ್ಗೆ ಬೇಗ ಹೊರಟೆವು, ಅವನು ಮತ್ತು ನಾನು. ಆಣೆ ಹಾಕಿದವಳು ಬಾಗಿಲಲ್ಲೇ ನಿಂತು ಬುತ್ತಿ ಕೊಟ್ಟಳು. ಮುಚ್ಚಳದ ಬಾಯಿಗೆ ತೆಳ್ಳನೆಯ ಒದ್ದೆ ಬಟ್ಟೆ ಕಟ್ಟಿತ್ತು. ಗಾಡಿ ಓಡತೊಡಗಿದ ಮೇಲೆ ಲಾಳಿಕೆಯಿಂದ ತಣ್ಣಗೆ ಗಾಳಿ ಬಂತು ನೋಡಿ, ಮಣ್ಣಿನ ಮಡಕೆಯ ಮೇಲೆ ಬೀಸಿದ ಗಾಳಿಯ ಹಾಗೆ. ಪರಿಗಿ ದಾಟಿತು. ಬೆಕ್ಕುಗಳಿಲ್ಲ. ಬಸ್ಸಿನಿಂದ ಇಳಿದಿದ್ದ ರೊದ್ದಂ ಬಂತು, ಹೋಯಿತು. ಬೆಕ್ಕುಗಳಿಲ್ಲ! ಎರಡು ಮೈಲಿಗೊಂದು ಸಲ ತಮ್ಮ ಕೇಳುತ್ತಿದ್ದ.

"ಅಕ್ಕಯ್ಯ, ಗಾಳಿ ಬತ್ತೈತಾ?"

"ಬತ್ತೈತೆ."

"ತಣ್ಣಗೈತಾ?"

"ಐತೆ ಕಣ್ಲಾ, ರಸ್ತೆ ನೋಡು."

ಸಿಕ್ಕ ಬೋರ್‌ವೆಲ್ಲಿನಲ್ಲೆಲ್ಲ ಇಳಿದು ಬಟ್ಟೆ ನೆನೆಸಿಕೊಂಡು ಬರುತ್ತಿದ್ದ. ಹಳ್ಳಗಳೂ ಸಿಕ್ಕವು. ಒಂದರಲ್ಲಿ ಕುರಿ ಮಲಗಿದ್ದವು, ಇನ್ನೊಂದರಲ್ಲಿ ಲಾರಿಗೆ ಮರಳು ತುಂಬುತ್ತಿದ್ದರು. ನೀರು ಮಾತ್ರ ಇರಲಿಲ್ಲ. ಪಾವಗಡ ದಾಟಿದ ಮೇಲೆ ಬೋರ್‌ವೆಲ್ಲೂ ಸಿಗಲಿಲ್ಲ. ಬಿಸಿಲು ಏರಿತು. ಬಟ್ಟೆ ಒಣಗಿತು. ಬಟ್ಟೆಯ ಕೆಳಗೆ, ಹರಿಯುವ ನೀರಿಗೆ ಕಾಯುತ್ತಾ ಕೂತಿದ್ದ ಕುಂಕುಮವೂ ಒಣಗಿತು.

ಕಲ್ಯಾಣದುರ್ಗ ಇನ್ನೇನು ಬಂತು ಎನ್ನುವಾಗ ಒಂದು ಇಳಿಜಾರು. ಗಾಳಿ ಸಾಲದೆಂದು ತಮ್ಮ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದ. ಗಾಡಿ ಜೋರಾಯಿತು. ಎದುರಿಗೊಂದು ಲಾರಿ ಬುರ್ರೆಂದು ಹೋಯಿತು. ಲಾಳಿಕೆಯೊಳಗೆ ಏನೋ ಗಡಗಡ ಎಂದಿತು. ಇದೇನೆಂದು ನಾನು ಬಗ್ಗಿ ನೋಡಿದೆ.

ಬಗ್ಗಬಾರದಿತ್ತು!

ಮಿಲ್ಲಿನವರ ಅಷ್ಟೂ ವರ್ಷದ ಆಯುಧಪೂಜೆ ಒಂದೇ ಉಸಿರಿಗೆ ನನ್ನ ಮುಖಕ್ಕೆ ಆಯಿತು. ಕಣ್ಣು ಬಿಟ್ಟರೆ ಲೋಕವೆಲ್ಲ ಕೆಂಪು. ಸೀಟು ಕೆಂಪು, ಸೀರೆ ಕೆಂಪು. ಏಳು ಸಲ ಸೀನಿದೆ. ತಮ್ಮ ಗಾಡಿ ನಿಲ್ಲಿಸಿ, ಹೊರಗಿಳಿದು ಓಡಿ ಬಂದು ನನ್ನ ಬಾಗಿಲು ತೆಗೆದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕಯ್ಯಾ! ದಮ್ಮು ಬಂತಾ? ಉಸ್ರಾಡ್ತಿದ್ದೀಯಾ?"

"ಸೀನಕ್ಕೆ ಉಸ್ರು ಬ್ಯಾಡ್ವೇನ್ಲಾ?" ಎಂದೆ.

ದಮ್ಮು ಬರಲಿಲ್ಲ. ಯಾಕೆ ಬರಲಿಲ್ಲ ಎಂದರೆ ನನಗೂ ಗೊತ್ತಿಲ್ಲ. ಸೀನಿನಲ್ಲೇ ಎಲ್ಲ ಹೋಯಿತೋ ಏನೋ. ಸ್ವಲ್ಪ ಹೊತ್ತಾದ ಮೇಲೆ ಅವನು ನನ್ನನ್ನು ಸರಿಯಾಗಿ ನೋಡಿದ. ನೋಡಿ ತಲೆ ತಗ್ಗಿಸಿದ. ನನ್ನ ಹಣೆ ಬರಿದಾಗಿ ಹದಿನೆಂಟು ವರ್ಷವಾಗಿತ್ತು. ಅವನ ಕೈಲಿ ಟವೆಲ್ಲಿತ್ತು, ಒರೆಸಲು ಕೈ ಬರಲಿಲ್ಲ, ಬಿಡಲೂ ಬರಲಿಲ್ಲ.

"ಅಕ್ಕಯ್ಯ, ತಪ್ಪಾಯ್ತು... ಒರೆಸ್ಕೋ."

ಕನ್ನಡಿಯಲ್ಲಿ ನೋಡಿಕೊಂಡೆ. ಒಣ ಟವೆಲ್ಲಿನಲ್ಲಿ ಒರೆಸಿದರೆ ಇನ್ನಷ್ಟು ಹರಡುತ್ತಿತ್ತು, ನೀರು ಒಂದು ಹನಿ ಇರಲಿಲ್ಲ.

"ನಾನೇನು ಇಟ್ಕಂಡ್ನಾ? ಗಾಡಿ ಇಟ್ಟೈತೆ. ಯಾರಾದ್ರೂ ಕೇಳುದ್ರೆ ಗಾಡೀನೇ ಕೇಳ್ಲಿ. ನಡಿ, ಹೊತ್ತಾಯ್ತು" ಎಂದೆ.

ಹಾಗೇ ಹೋದೆವು. ಅಕ್ಕನ ಬೀದಿಯಲ್ಲಿ ಇಳಿದಾಗ ಒಬ್ಬಳು ನಲ್ಲಿಯ ಹತ್ತಿರ ಕೊಡ ಬಿಟ್ಟು ಕೈ ಮುಗಿದಳು, ನಾನು ಯಾವ ಊರಿನ ಮಾರಮ್ಮನೋ ಎಂದುಕೊಂಡು! ಅಕ್ಕ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಸಣ್ಣಗಾಗಿದ್ದಳು. ಹೊಸ್ತಿಲು ದಾಟಿದ ತಕ್ಷಣ ತಲೆ ಎತ್ತಿದಳು.

"ಯಾರೇ ಅದು, ಕೆಂಪುಗೆ?"

"ನಾನೇ ಕಣಕ್ಕ."

"ಹತ್ರ ಬಾ. ಇನ್ನೂ ಹತ್ರ ಬಾ. ಅಲ್ಲೇ ನಿಂತ್ಕೋ, ಅಲ್ಲಾಡ್ಬ್ಯಾಡ." ಕತ್ತನ್ನು ಆ ಕಡೆ ಈ ಕಡೆ ಓರೆ ಮಾಡಿ ನೋಡಿದಳು. "ಹಣೆ ಕಾಣ್ತೈತೆ. ಕೆನ್ನೆ ಕಾಣ್ತೈತೆ. ಏ, ಮೂಗು! ಅದೇ ನಮ್ಮವ್ವನ ಮೂಗು! ಎಷ್ಟು ಮುದುಕಿ ಆಗ್ಬುಟ್ಟಿದ್ದೀಯೇ!"

ಸೊಸೆ ಗಾಬರಿಯಾಗಿ ತಂಬಿಗೆಯಲ್ಲಿ ನೀರು ತಂದಳು, ಮುಖ ತೊಳೆಯಲು. ಅಕ್ಕ ಅದನ್ನು ಸದ್ದಿನಲ್ಲೇ ತಿಳಿದುಕೊಂಡಳು.

"ತೊಳೀಬ್ಯಾಡ್ರೇ. ತೊಳೆದ್ರೆ ಹೊಂಟೋಯ್ತಾಳೆ."

ತೊಳೆಯಲಿಲ್ಲ. ಊಟಕ್ಕೂ ಹಾಗೇ ಕೂತೆ. ಅನ್ನವೆಲ್ಲ ಕೆಂಪಾಯಿತು. ಸಾಯಂಕಾಲದವರೆಗೆ ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡು, ಚಿಕ್ಕಂದಿನಲ್ಲಿ ನಾನು ಕದ್ದು ತಿಂದದ್ದನ್ನೆಲ್ಲ ನೆನಪು ಮಾಡಿಕೊಂಡು ಬೈದಳು. ಬೈಯುತ್ತಾ ನೋಡಿದಳು, ನೋಡುತ್ತಾ ಬೈದಳು. ತಮ್ಮ ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಸೇರಿದವರಿಗೆಲ್ಲ ಕಾರಿನ ಮೂಗು ತೋರಿಸಿ ಪಾಠ ಹೇಳುತ್ತಿದ್ದ.

ಮರುದಿನ ಊಟ ಮುಗಿಸಿ ಹೊರಟೆವು. ಮುಖ ತೊಳೆದುಕೊಂಡಿದ್ದೆ. ಬಟ್ಟೆ ಒದ್ದೆಯಾಗಿತ್ತು, ಗಾಳಿ ತಣ್ಣಗಿತ್ತು. ತಮ್ಮ ಎರಡು ಮೈಲಿಗೊಂದು ಸಲ ಕೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ. ಪಾವಗಡ ದಾಟಿದ ಮೇಲೆ ಹೂಂಗುಟ್ಟುವುದು ನಿಂತುಹೋಗಿರಬೇಕು. ನನಗೆ ನಿದ್ದೆ ಹತ್ತಿತ್ತು. ಆರು ವರ್ಷದಲ್ಲಿ ಮಂಚ ಬಿಟ್ಟು ಬೇರೆ ಕಡೆ ನಿದ್ದೆ ಬಂದದ್ದು ಅದೇ ಮೊದಲು.

ಎಚ್ಚರವಾದಾಗ ಗಾಡಿ ನಿಂತಿತ್ತು. ಇಂಜಿನ್ನಿನ ಸದ್ದಿಲ್ಲ. ಹುಣಸೆ ಮರದ ನೆರಳು ಎಂದು ವಾಸನೆಯಿಂದಲೇ ಗೊತ್ತಾಯಿತು. ಕಣ್ಣು ಬಿಡಲಿಲ್ಲ. ಮೂಗಿನ ಹತ್ತಿರ ಏನೋ ಇದ್ದ ಹಾಗಿತ್ತು. ಲಾಳಿಕೆಯಲ್ಲ, ಗಾಡಿ ನಿಂತರೆ ಲಾಳಿಕೆಯಲ್ಲಿ ಗಾಳಿ ಬರುವುದಿಲ್ಲ. ರೆಪ್ಪೆ ಒಂದು ಎಳೆಯಷ್ಟು ತೆಗೆದು ನೋಡಿದೆ.

ಕೈ. ಮಗುಚಿದ ಬಲಗೈ. ಮುದಿ ಕೈ, ನರ ಎದ್ದ ಕೈ, ಬೆರಳ ಸಂದಿಯಲ್ಲಿ ಇನ್ನೂ ಕುಂಕುಮ ಉಳಿದ ಕೈ. ಅದರಾಚೆ ಅವನು ತಾನೇ ಉಸಿರು ಬಿಗಿಹಿಡಿದು ಕೂತಿದ್ದ.

ನಾನು ಒಂದು ಸಲ ಜೋರಾಗಿ ಉಸಿರು ಬಿಟ್ಟೆ, ಆ ಕೈಗೆ ಸರಿಯಾಗಿ ತಾಗುವ ಹಾಗೆ.

"ಇನ್ನೂ ಇದ್ದೀನಿ ಕಣ್ಲಾ," ಎಂದೆ. "ಗಾಡಿ ಬಿಡು."